ತುರ್ತು: ವೀಲ್‌ಬ್ಯಾರೋಗೆ ಕನ್ನಡದಲ್ಲಿ ಏನಂತೀರಿ?

ನಮ್ಮ ನರ್ಸರಿಯ ಸಾಮಾನು ಕೋಣೆಯ ಗೋಡೆಗೆ ಅಂಟಿಸಲು ಒಂದು ಹಾಳೆ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಗೊಬ್ಬರ ಸಾಗಿಸುವ ಒಂದೇ ಚಕ್ರದ ಕೈಗಾಡಿಯ ಟೈರ್ ಫ್ಲಾಟ್ ಆದರೆ, ಹೊಸ ಚಕ್ರ ಕೊಳ್ಳದೆ ಕಡಿಮೆ ಖರ್ಚಿನಲ್ಲಿ ಸರಿ ಮಾಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ತಳ್ಳುಗಾಡಿ ಅಂದರೆ ತರಕಾರಿಯವರ ಗಾಡಿ ಕಣ್ಣಿಗೆ ಬರುತ್ತದೆ. ಬೇರೆ ಪದ ಇದೆಯೇ? ‘ಪ್ಯಾಚ್’ಗೂ ಬೇಕು. ‘ಫ್ಲಾಟ್’ ಇದ್ದ ಕಡೆಯೆಲ್ಲ ಪಂಚರ್ ಅಂತ ಹಾಕಿದ್ದೇನೆ, ಸರಿ ಅಲ್ವಾ?

ಮರು:
ಒಗ್ಗಾಲಿ ಬಂಡಿ. ಒಕ್ಕೊರಲು, ಒಗ್ಗಟ್ಟು ಇದ್ದ ಹಾಗೆ. ಗಾಡಿ ಹಿಂದಿ-ಮರಾಠಿ ಕಡೆಯದು, ಚಕ್ರ ಸಂಸ್ಕೃತ. ಗಾಲಿ ನಮ್ಮದೇ; ಹಳೆಯ ತಮಿಳಿನಲ್ಲಿ ‘ಕಾಲ್’ ಅಂದರೆ ತೇರಿನ ಗಾಲಿಯೂ ಹೌದು. ಟೈರಿಗೂ ಪದ ಇದೆ, ಹಳಿ. ಬಂಡಿಯ ಗಾಲಿಗೆ ಕಾಯಿಸಿ ತೊಡಿಸುವ ಕಬ್ಬಿಣದ ಪಟ್ಟಿಗೆ ನಮ್ಮಜ್ಜ ಹಳಿ ಅಂತಲೇ ಅನ್ನುತ್ತಿದ್ದರು. ಮನೆಯಲ್ಲಿ ಇರುವುದನ್ನು ಬಿಟ್ಟು ಸಾಲ ತರುವ ಚಾಳಿ ನಿಲ್ಲಬೇಕು.

ಮರು:
ಹಳಿ ಬೇಡವೇ ಬೇಡ. ಹಳಿಯೊಳಗೆ ಗಾಳಿ ಇರುವುದಿಲ್ಲ. ರಬ್ಬರ್ ಗಾಲಿ ಬಂದಾಗ ರೈತರೇ ಅದನ್ನು ‘ಟೈರ್ ಗಾಡಿ’ ಅಂದರು, ಅವರಿಗೆ ಹಳಿ ಗೊತ್ತಿರಲಿಲ್ಲವೇ? ಒಗ್ಗಾಲಿ ಅಂದರೆ, ಮುಕ್ಕಾಲಿ ಕೇಳಿದ ಕಿವಿಗೆ ಒಂದು ಕಾಲಿನ ಮಣೆ. ಜೊತೆಗೆ ‘ಗಾಲಿಗೆ ಗಾಳಿ ತುಂಬಿ’ ಅಂತ ಬರೆದು ನೋಡಿ, ಕೆಲಸದ ನಡುವೆ ಓದುವವರು ಎಡವುತ್ತಾರೆ. ಪದ ನಿಮ್ಮ ಪ್ರಶ್ನೆಯಲ್ಲೇ ಇದೆ: ಒಂಟಿ ಚಕ್ರದ ಕೈಗಾಡಿ.

ಫ್ಲಾಟಿಗೆ ಪಂಚರ್ ತಪ್ಪು. ‘ಗಾಳಿ ಹೋಗಿದೆ’ ಅನ್ನಿ. ತೂತೇ ಆಗಿರಬೇಕು ಅಂತಿಲ್ಲ, ವಾಲ್ ಪಿನ್ ಸಡಿಲವಾದರೂ ಗಾಳಿ ಹೋಗುತ್ತದೆ. ಪಂಚರ್ ಅಂಗಡಿಯವರು ಟ್ಯೂಬ್ ಬಿಚ್ಚುವ ಮೊದಲು ಬೆರಳಿಗೆ ಎಂಜಲು ಹಚ್ಚಿ ವಾಲಿನ ಬಾಯಿಗೆ ಒರೆಸುತ್ತಾರೆ, ಗುಳ್ಳೆ ಎದ್ದರೆ ಪಿನ್ ಬಿಗಿ ಮಾಡಿ ನೋಡುತ್ತಾರೆ, ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಪಂಚರ್ ಅಂತ ಓದಿದವರು ಸುಮ್ನೆ ಟ್ಯೂಬ್ ಬಿಚ್ಚಿ ಕೂರುತ್ತಾರೆ.

ಪ್ಯಾಚಿಗೆ ತೇಪೆ. ಬಟ್ಟೆಗೂ ಅದೇ, ಟ್ಯೂಬಿಗೂ ಅದೇ. ತೇಪೆಗೆ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕಿ ಅಂತ ಒಂದು ಸಾಲು ಸೇರಿಸಿ. ಬಳ್ಳಾರಿ ಜಾಲಿಯ ಮುಳ್ಳು ಒಳಗೇ ಮುರಿದು ಕೂತಿದ್ದರೆ ಹೊಸ ಟ್ಯೂಬೂ ಉಳಿಯುವುದಿಲ್ಲ. ಟ್ಯೂಬ್ ಬದಲಿಸುವುದಾದರೆ ಟೈರಿನ ಪಕ್ಕದಲ್ಲಿ ಅಚ್ಚಾದ ಅಳತೆ, 4.00-8 ಅಂತಲೋ ಏನೋ ಇರುತ್ತದಲ್ಲ, ಅದನ್ನು ಬರೆದುಕೊಂಡು ಅಂಗಡಿಗೆ ಹೋಗಲಿ.

ಮರು:
ರೈಲು ಬಂದಾಗ ಹಳಿಯ ಅರ್ಥ ಹಿಗ್ಗಿತು. ರಬ್ಬರಿಗೆ ಮಾತ್ರ ಹಿಗ್ಗಬಾರದೇ? ವಸ್ತುವಿನ ಜೊತೆ ಪದವನ್ನೂ ಕೊಂಡು ತರುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು ಬರೀ ವಿಭಕ್ತಿ.

ಮರು:
‘ಒಂಟಿ ಚಕ್ರದ ಕೈಗಾಡಿ’, ‘ಗಾಳಿ ಹೋಗಿದೆ’, ‘ತೇಪೆ’ ಹಾಕಿದೆ. ಟೈರ್ ಹಾಗೇ ಇದೆ. ಎಂಜಲಿನ ಬದಲು ಸೋಪಿನ ನೀರು ಅಂತ ಬರೆದೆ. ಇನ್ನೊಂದೇ ಒಂದು: ಟೈರ್ ವಾಪಸ್ ಕೂರಿಸುವಾಗ ಟ್ಯೂಬ್ ರಿಮ್ಮಿನ ಸಂದಿಗೆ ಸಿಕ್ಕಿಕೊಳ್ಳುತ್ತದಲ್ಲ, ಅದಕ್ಕೆ ‘ಕಚ್ಚಿಕೊಳ್ಳುವುದು’ ಅಂದರೆ ಆಗುತ್ತದೆಯೇ?