ನಗದ ಪಿಸ್ತಾ, ನಗದು ಲೆಕ್ಕ

"ಇದು ಯಾವುದು?"

"ಹಲಪೆನ್ಯೋ. ಒಂಥರಾ ಮೆಣಸಿನಕಾಯಿ."

"ಅದು?"

"ಬೆಳ್ಳುಳ್ಳಿ ಈರುಳ್ಳಿ."

"ಪಕ್ಕದ ಪೊಟ್ಟಣ?"

"ನಿಂಬೆಹಣ್ಣು, ಖಾರ."

"ಎಲ್ಲಾ ಸರಿ, ಇದರಲ್ಲಿ ಪಿಸ್ತಾ ಯಾವುದ್ರೀ?" ಅಂದರು ಶಾಮಣ್ಣ.

ನಾಣಿಯವರ ಮುಖ ಬಾಡಿತು. ಪಾಪ, ಶನಿವಾರ ಮಗನ ಕಾರಿನಲ್ಲಿ ಎರಡೂವರೆ ಗಂಟೆ ಕೂತು, ಮಡೇರಾ ಕಡೆ ಯಾವುದೋ ಕುಟುಂಬದವರ ಪಿಸ್ತಾ ತೋಟ ನೋಡಿಕೊಂಡು, ಎರಡು ಚೀಲ ಹೊತ್ತು ತಂದಿದ್ದರು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಎಲಿಜಬೆತ್ ಕೆರೆ ಏರಿಯ ಮೇಲೆ, ನಮ್ಮ ಮಾಮೂಲಿ ಬೆಂಚಿನಲ್ಲಿ, ಅದನ್ನೆಲ್ಲ ಸಂಕ್ರಾಂತಿ ಎಳ್ಳಿನ ಹಾಗೆ ಹರಡಿಕೊಂಡು ಕೂತಿದ್ದರು. ಹೊಗಳಿಕೆ ಬರಲಿ ಅಂತ ಕಾಯುತ್ತಿದ್ದರೆ ಬಂದಿದ್ದು ಶಾಮಣ್ಣ.

"ಬರೀ ಕಾಯಿ ಅಲ್ಲ ಕಣ್ರೀ," ಅಂತ ನಾಣಿ ಎರಡನೇ ಚೀಲ ಬಿಚ್ಚಿದರು. "ಪಿಸ್ತಾ ಚಿಕ್ಕಿ. ಪಿಸ್ತಾ ಕಾಫಿಪುಡಿ. ಪಿಸ್ತಾ ಸೋಪು. ಇದು ಪಿಸ್ತಾ ಬಟರ್."

"ಬೆಣ್ಣೆ?"

"ಹೂಂ, ಬೆಣ್ಣೆ."

"ಕಡೆದರೇನ್ರೀ? ಹಂಗಾದರೆ ಮಜ್ಜಿಗೆ ಎಲ್ಲಿ?"

ಕಮಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗಂಡನ ಪರ ವಹಿಸಬೇಕಾದ ಜಾಗದಲ್ಲಿ ಅವರು ಎಂದೂ ವಹಿಸಿದವರಲ್ಲ.

"ಬೆಳಗ್ಗೆ ಎದ್ದು ಪಿಸ್ತಾ ಸೋಪು ಹಚ್ಚಿ ಸ್ನಾನ, ಆಮೇಲೆ ಪಿಸ್ತಾ ಕಾಫಿ, ಬ್ರೆಡ್ಡಿಗೆ ಪಿಸ್ತಾ ಬೆಣ್ಣೆ, ಮಧ್ಯಾಹ್ನಕ್ಕೆ ಪಿಸ್ತಾ ಚಿಕ್ಕಿ," ಅಂತ ಶಾಮಣ್ಣ ಬೆರಳು ಮಡಚಿದರು. "ಇಷ್ಟೆಲ್ಲ ಮಾಡಿ ರಾತ್ರಿ ಮಲಗಿದರೆ, ಆ ದಿನ ಪಿಸ್ತಾ ಒಂದು ಬಿಟ್ಟು ಇನ್ನೆಲ್ಲ ತಿಂದ ಹಾಗಾಯ್ತು."

ನನಗೂ ಇದರಲ್ಲಿ ಸ್ವಲ್ಪ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಹೋದ ವಾರ ಮೊಮ್ಮಗಳು ದುಬೈ ಚಾಕ್ಲೇಟ್ ಅಂತ ಒಂದು ದಪ್ಪ ಹಲ್ಲೆ ತಂದಳು. ಅಲ್ಲಿನ ಒಂದು ಅಂಗಡಿಯವರು 2021ರಲ್ಲಿ ಶುರು ಮಾಡಿದ್ದಂತೆ. 2023ರ ಕೊನೆಗೆ ಒಬ್ಬಾಕೆ ಅದನ್ನು ಕಾರಿನಲ್ಲಿ ಕೂತು ಕಚ್ಚಿ ತಿಂದ ವಿಡಿಯೋ ಬಂತು, ಲೋಕಕ್ಕೆಲ್ಲ ಹುಚ್ಚು ಹಿಡಿಯಿತು, ಪಿಸ್ತಾ ಬೆಲೆ ಏರಿ ಕೂತಿತು. ಮುರಿದು ನೋಡಿದರೆ ಒಳಗೆ ಪಿಸ್ತಾ ಹಿಟ್ಟು, ಜೊತೆಗೆ ಹುರಿದ ಶಾವಿಗೆ! ಅವರು ಕದಾಯಿಫ್ ಅಂತಾರೆ, ನಾನು ಶಾವಿಗೆ ಅಂತೀನಿ. ಹದಿನೆಂಟು ಡಾಲರ್ ಕೊಟ್ಟು ಶಾವಿಗೆ ತಿಂದೆ ಅಂತ ಊರಲ್ಲಿ ಹೇಳಿದರೆ ನನ್ನ ತಂಗಿ ಫೋನ್ ಇಡುತ್ತಾಳೆ.

"ನನಗೆ ಮೋಸ ಆಗಿದ್ದು ಬೇರೆ," ಅಂದರು ಕಮಲಮ್ಮ. "ನನ್ನ ಆರತಕ್ಷತೆ ಸೀರೆ ಪಿಸ್ತಾ ಕಲರ್ದು. ಅಂಗಡಿಯವನು ಅಷ್ಟು ಬಾರಿ ಹೇಳಿದ್ದ. ಮೊನ್ನೆ ತೋಟದಲ್ಲಿ ಒಡೆದು ನೋಡ್ತೀನಿ, ಮೇಲೆ ನೇರಳೆ ಸಿಪ್ಪೆ, ಒಳಗೆ ಹಳದಿಗೆ ತಿರುಗಿದ ಹಸಿರು. ನಲವತ್ತೈದು ವರ್ಷ ನಾನು ಯಾವ ಬಣ್ಣದ ಸೀರೆ ಉಟ್ಟೆ ಹಾಗಾದ್ರೆ?"

"ಐಸ್‌ಕ್ರೀಮ್ ಕಲರ್," ಅಂದರು ಶಾಮಣ್ಣ. "ನಾವೆಲ್ಲ ಪಿಸ್ತಾ ನೋಡೋದಕ್ಕೆ ಮುಂಚೆ ಪಿಸ್ತಾ ಬಣ್ಣ ನೋಡಿದೋರು. ಮದುವೆ ಮನೆ ಪೇಡದ ಮೇಲೆ ಉಗುರಿನಷ್ಟು ಹಸಿರು ಚೂರು ಇರ್ತಿತ್ತಲ್ಲ, ಅದನ್ನ ಕೊನೇಗೆ ಅಂತ ಎತ್ತಿಟ್ಟು ತಿಂತಿದ್ದೆ. ಅದು ಕಡಲೆಕಾಯಿ ಬೀಜಕ್ಕೆ ಬಣ್ಣ ಹಾಕಿದ್ದು ಅಂತ ಅಡುಗೆ ಭಟ್ಟರು ಹೇಳಿದ್ದು ನನ್ನ ಮಗಳ ಮದುವೇಲಿ. ಆಗ ಕಡಲೆಕಾಯಿ ಪಿಸ್ತಾ ವೇಷ ಹಾಕ್ತಿತ್ತು. ಈಗ ಪಿಸ್ತಾ ಬೆಳ್ಳುಳ್ಳಿ ವೇಷ ಹಾಕಿಕೊಂಡು ಬಂದಿದೆ."

ಮೂರ್ತಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವರು. ಗಂಟಲು ಸರಿಹೋಯಿತೆಂದರೆ ಗಂಟೆ ಬಾರಿಸುವವರೆಗೆ ನಿಲ್ಲಿಸುವವರಲ್ಲ.

"ಮಾವು, ಗೇರು, ಪಿಸ್ತಾ ಮೂರೂ ಒಂದೇ ವಂಶ," ಅಂದರು.

"ಅದಕ್ಕೇ!" ಅಂದರು ನಾಣಿ. "ಮರದಿಂದ ಒಂದು ಹಸಿ ಕಾಯಿ ಕಿತ್ತು ಉಗುರಲ್ಲಿ ಗೀರಿದೆ. ಗುಲಾಬಿ ಸಿಪ್ಪೆ. ಥೇಟ್ ಮಾವಿನ ಸೊನೆ ವಾಸನೆ! ಕಣ್ಣು ಮುಚ್ಚಿದರೆ ಶ್ರೀನಿವಾಸಪುರ."

"ಬುದ್ಧೀನೂ ಮಾವಿಂದೇ. ಒಂದು ವರ್ಷ ಹೇರಳವಾಗಿ ಬಿಟ್ಟರೆ ಮರುವರ್ಷ ಮುನಿಸು. ನೆಟ್ಟು ಆರೇಳು ವರ್ಷ ಆಗೋವರೆಗೆ ಹೇಳಿಕೊಳ್ಳೋ ಫಸಲಿಲ್ಲ. ಮೇಲಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಇಪ್ಪತ್ತು ಹೆಣ್ಣು ಮರಕ್ಕೆ ಒಂದು ಗಂಡು ನೆಟ್ಟರೂ ನಡೆಯುತ್ತೆ. ಜೇನುಹುಳ ಬೇಕಿಲ್ಲ, ಗಾಳೀಲೇ ಪರಾಗ ತೂರಿಬಿಡುತ್ತೆ."

"ಆಮೇಲೆ ಗಂಡು ಮರ ಏನು ಮಾಡುತ್ತೆ?" ಕಮಲಮ್ಮ ಕೇಳಿದರು.

"ಆಮೇಲೆ ಏನಿಲ್ಲ. ಕಾಯಿ ಬಿಡಲ್ಲ. ನೀರು ಕುಡ್ಕೊಂಡು ವರ್ಷವೆಲ್ಲ ನಿಂತಿರುತ್ತೆ."

"ನಮ್ಮನೇಲೂ ಒಂದಿದೆ."

ನಾಣಿ ಕೆರೆಯ ಬಾತುಕೋಳಿಗಳ ಕಡೆ ನೋಡಿದರು.

"ಇಲ್ಲಿ ಬಹಳ ಕಾಲದಿಂದ ಬೆಳೆಯೋ ಹೆಣ್ಣು ತಳಿಗೆ ಕೆರ್ಮನ್ ಅಂತ ಹೆಸರು," ಮೇಷ್ಟ್ರು ಮುಂದುವರಿಸಿದರು. "ಗಂಡಿಗೆ ಪೀಟರ್ಸ್. ವಿಲಿಯಂ ವೈಟ್‌ಹೌಸ್ ಅನ್ನೋರು ಇರಾನಿಗೆ ಹೋಗಿ, 1930ರಲ್ಲಿ ಸುಮಾರು 20 ಪೌಂಡ್ ಬೀಜ ಹೊತ್ತುಕೊಂಡು ಬಂದರು. ಅಷ್ಟು ಬೀಜ ಬಿತ್ತಿದ್ದರಲ್ಲಿ ಒಂದು ಗಿಡ ಚೆನ್ನಾಗಿ ಬಂತು. ಅದೇ ಕೆರ್ಮನ್. ಮಡೇರಾ ಕಡೆಯ ಕಣಿವೆ ತುಂಬ ಅದರ ಕಸಿ. ಪೀಟರ್ಸ್ ಇಲ್ಲೇ ಫ್ರೆಸ್ನೋ ಕಡೆಯವನು."

ಶಾಮಣ್ಣ ನೆಟ್ಟಗೆ ಕೂತರು. "ಅಂದರೆ ಇರಾನಿನ ಹುಡುಗಿ, ಕೈಚೀಲದಲ್ಲಿ ಬಂದಳು, ಫ್ರೆಸ್ನೋ ಹುಡುಗನ್ನ ಮದುವೆಯಾದಳು, ಇಲ್ಲೇ ಖಾಯಂ ಆದಳು?"

"ಒಂದು ರೀತಿ ಹಾಗೇ."

"ನಮ್ಮ ಹುಡುಗ ಹದಿನಾಲ್ಕು ವರ್ಷದಿಂದ ಗ್ರೀನ್ ಕಾರ್ಡ್ ಸಾಲಲ್ಲಿ ನಿಂತಿದ್ದಾನೆ ಮೇಷ್ಟ್ರೇ. ಬೀಜವಾಗಿ ಬಂದಿದ್ದರೆ ಇಷ್ಟೊತ್ತಿಗೆ ಆಗಿರೋದು."

ಯಾರೂ ಜೋರಾಗಿ ನಗಲಿಲ್ಲ. ಬೆಂಚಿನಲ್ಲಿ ಕೂತವರಲ್ಲಿ ಮೂವರ ಮಕ್ಕಳು ಅದೇ ಸಾಲಿನಲ್ಲಿದ್ದಾರೆ.

ಮೇಷ್ಟ್ರು ಮಾತು ತಿರುಗಿಸಿದರು. "ಬೇಸಿಗೇಲಿ ಒಳಗಿನ ಬೀಜ ಉಬ್ಬುತ್ತೆ, ಚಿಪ್ಪು ತಾನಾಗೇ ಬಿರಿಯುತ್ತೆ. ಪಾರ್ಸಿ ಭಾಷೇಲಿ ಅಂಥ ಪಿಸ್ತಾಕ್ಕೆ ಖಂದಾನ್ ಅಂತಾರೆ. ನಗುವ ಪಿಸ್ತಾ."

"ನಗದೇ ಇದ್ದರೆ?"

"ಅಂಥವೂ ಇರುತ್ತವೆ. ಅದನ್ನ ಯಂತ್ರಕ್ಕೆ ಹಾಕಿ ಒಡೆದು ಬೀಜ ತೆಗೀತಾರೆ. ಈ ಬೆಣ್ಣೆ, ಹಿಟ್ಟು, ಮಿಠಾಯಿ ಹೂರಣಕ್ಕೆಲ್ಲ ಬಹಳಮಟ್ಟಿಗೆ ಅದೇ ಹೋಗೋದು."

ಇಷ್ಟು ಸಿಕ್ಕಿದ್ದೇ ತಡ, ಶಾಮಣ್ಣ ಬಟರ್ ಡಬ್ಬಿ ಕೈಗೆತ್ತಿಕೊಂಡು ಮೇಲೆ ಕೆಳಗೆ ನೋಡಿದರು. "ನಾಣಿಯವರೇ, ನೀವು ತಂದಿರೋದು ನಗದ ಪಿಸ್ತಾ. ನಗದ್ದಕ್ಕೆ ನಗದು ಕೊಟ್ಟು ಬಂದಿದ್ದೀರಿ."

"ನಗದು ಎಲ್ಲಿ ಕೊಟ್ಟೆ? ಮಗ ಕಾರ್ಡ್ ಉಜ್ಜಿದ."

"ಮಗ ಆಗ ನಕ್ಕನೇ?"

"...ಇಲ್ಲ."

"ಹಂಗಾದರೆ ಅವನೂ ಬೆಣ್ಣೆಗೆ."

ಆಮೇಲೆ ಅರ್ಧ ಗಂಟೆ ನಮಗೆ ಬೇರೆ ಕೆಲಸವೇ ಇರಲಿಲ್ಲ. ಏರಿ ಮೇಲೆ ಹೋಗುವವರನ್ನೆಲ್ಲ ಕೂತಲ್ಲೇ ವಿಂಗಡಿಸಿದೆವು. ಕಿವಿಗೆ ಬಿರಡೆ ಹಾಕಿಕೊಂಡು ಓಡುವ ಹುಡುಗ: ಬೆಣ್ಣೆಗೆ. ಗಾಡಿಯಲ್ಲಿ ಮಗು ಮಲಗಿಸಿಕೊಂಡು "ಹಾಯ್ ಅಂಕಲ್" ಅಂದ ತೆಲುಗು ಹುಡುಗಿ: ಹುರಿದು ಉಪ್ಪು ಹಾಕಬಹುದು. ವಿಮಾನದಲ್ಲಿ ನನ್ನ ಪಕ್ಕ ಹದಿನಾರು ಗಂಟೆ ಕೂತು ಒಂದು ಮಾತೂ ಆಡದ ಮನುಷ್ಯ: ಯಂತ್ರಕ್ಕೂ ಒಡೆಯಲ್ಲ, ಬಿಡಿ. ನನ್ನ ಅಳಿಯನ ವಿಷಯ ಬಂದಾಗ ನಾನು ತಟಸ್ಥನಾದೆ. ಅವರ ಮನೆಯಲ್ಲಿ ಇನ್ನೂ ಮೂರು ತಿಂಗಳು ಇರಬೇಕು.

"ಇನ್ನೊಂದು ಜಾತಿ ಇದೆ," ಅಂದರು ಮೇಷ್ಟ್ರು. "ಜೊಳ್ಳು. ಚಿಪ್ಪಿದೆ, ಬೀಜ ಇಲ್ಲ. ಈ ಮರಕ್ಕೆ ಚಳಿಗಾಲ ಸರಿಯಾಗಿ ಬೇಕು, ಅದಕ್ಕೇ ನಮ್ಮೂರಲ್ಲಿ ಬರಲ್ಲ. 2015ರಲ್ಲಿ ಇಲ್ಲಿ ಚಳಿಗಾಲ ಬೆಚ್ಚಗಾಗಿ ಹೋಯ್ತು. ಗಂಡು ಹೆಣ್ಣು ಹೊತ್ತಿಗೆ ಸರಿಯಾಗಿ ಅರಳಲಿಲ್ಲ. ಕಾಯಿ ಕಂಡಿತು, ಒಡೆದರೆ ಖಾಲಿ. ಎಷ್ಟೋ ತೋಟದವರು ಆ ವರ್ಷ ಮುಳುಗಿದರು."

ನಾಣಿ ತಲೆಯಾಡಿಸಿದರು. "ತೋಟದ ಯಜಮಾನರೂ ಅದನ್ನೇ ಹೇಳಿದರು. ಎಪ್ಪತ್ತೈದು ದಾಟಿದ ಮುದುಕ. ಅವರಪ್ಪ ನೆಟ್ಟ ಮರಗಳು. ಕೊಯ್ಲು ನಡೀತಿತ್ತು ಕಣ್ರೀ. ಒಂದು ಯಂತ್ರ ಬಂದು ಬುಡ ಹಿಡಿದು ಅಲ್ಲಾಡಿಸುತ್ತೆ, ನಾಲ್ಕೈದು ಸೆಕೆಂಡು, ಅಷ್ಟೂ ಕಾಯಿ ಉದುರಿ ತಟ್ಟೆಗೆ. ನೆಲಕ್ಕೆ ಬೀಳಬಾರದು. ಒಂದು ದಿನದೊಳಗೆ ಸಿಪ್ಪೆ ಬಿಡಿಸಿ ಒಣಗಿಸದಿದ್ದರೆ ಚಿಪ್ಪಿಗೆ ಕಲೆ. ಹಿಂದೆ ಹೊರಗಿಂದ ಬರ್ತಿದ್ದ ಪಿಸ್ತಾಕ್ಕೆ ಆ ಕಲೆ ಮುಚ್ಚೋಕೆ ಕೆಂಪು ಬಣ್ಣ ಹಾಕ್ತಿದ್ದರಂತೆ, ತಿಂದೋರ ಬೆರಳೆಲ್ಲ ಕೆಂಪು."

"ಬೆಳ್ಳುಳ್ಳಿ ಹಾಕೋ ಬುದ್ಧಿ ಮುದುಕಂದೇ?" ಶಾಮಣ್ಣ ಬಿಡಲಿಲ್ಲ.

"ಮಗಳದ್ದು. ಅವಳೇ ಅಂಗಡಿ ನೋಡ್ಕೋತಾಳೆ. ಬರೀ ಕಾಯಿ ಮಾರಿದರೆ ಬೋರ್‌ವೆಲ್ ಖರ್ಚಿಗೂ ಸಾಲ್ತಿರಲಿಲ್ಲವಂತೆ, ನೀರು ಅಷ್ಟು ಕೆಳಗೆ ಹೋಗಿದೆ. ಈ ಸೋಪು, ಬೆಳ್ಳುಳ್ಳಿ, ಬಟರ್ ಇಂದ ತೋಟ ಉಳೀತು ಅಂದರು. ಅಷ್ಟು ಹೇಳಿ ಮುದುಕ ಒಂದು ಪೊಟ್ಟಣ ಒಡೆದು ನನ್ನ ಕೈಗೆ ಸುರಿದರು. 'ನನಗೆ ಮಾತ್ರ ಇದು ಹಿಡಿಸಲ್ಲ, ನೀವು ತಿನ್ನಿ,' ಅಂತ."

ಶಾಮಣ್ಣ ಸುಮ್ಮನಾದರು. ತಿಪಟೂರಿನ ಕಡೆ ಅವರದ್ದು ಮೂರು ಎಕರೆ ತೆಂಗಿನ ತೋಟ ಇತ್ತು. ಇತ್ತು ಅನ್ನೋದನ್ನ ನಾವೆಲ್ಲ ಬಲ್ಲೆವು. ಮಗನ ಎಂ.ಎಸ್. ಫೀಸು ಎಷ್ಟು ಅಂತಲೂ ಬಲ್ಲೆವು.

"ನೀವು ಕೊಬ್ಬರಿಗೆ ಬೆಳ್ಳುಳ್ಳಿ ಹಾಕಲಿಲ್ಲ ನೋಡಿ," ಅಂದರು ನಾಣಿ, ಗೆದ್ದ ಹುರುಪಿನಲ್ಲಿ.

"ಹಾಕಿದ್ವಲ್ಲ," ಅಂದರು ಶಾಮಣ್ಣ. "ಒಣಮೆಣಸಿನಕಾಯಿನೂ ಹಾಕಿದ್ವಿ. ಚಟ್ನಿಪುಡಿ ಅಂತಿದ್ವಿ. ನಮ್ಮಮ್ಮ ಕುಟ್ಟಿ ಕುಟ್ಟಿ ಊರೆಲ್ಲ ಹಂಚಿದರು. ಪೊಟ್ಟಣದ ಮೇಲೆ ಹೆಸರು ಹಾಕಿ ದುಡ್ಡು ಇಸ್ಕೋಬೇಕು ಅಂತ ಯಾರಿಗೂ ಹೊಳೀಲಿಲ್ಲ."

ಕಮಲಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಪಿಸ್ತಾ ಕಾಫಿಯಲ್ಲ, ಊರಿಂದ ತಂದ ಪುಡಿಯದ್ದು. ಶಾಮಣ್ಣ ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯಿಂದ ಬೆಳ್ಳುಳ್ಳಿ ಪೊಟ್ಟಣದಲ್ಲಿ ಗಾಳ ಹಾಕಿದರು. ಒಂದು ತಿಂದರು. ಇನ್ನೊಂದು ತಿಂದರು. ಮೂರನೆಯದನ್ನು ಉಗುರಿನಿಂದ ಬಿಡಿಸಲು ನೋಡಿದರು, ಬಾಯಿ ಬಿಡಲಿಲ್ಲ. ಹಲ್ಲಿಗೆ ಹಾಕುವುದನ್ನು ಅವರ ಡಾಕ್ಟರು ಬೇಡ ಅಂದಿದ್ದಾರೆ.

"ನಗದ್ದು ಒಂದು ಸಿಕ್ಕಿತು," ಅಂದರು. "ನಮ್ಮಪ್ಪ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಇಡೋರು. ದೀಪಾವಳಿ ಹೊತ್ತಿಗೆ ಏಣಿ ಹಾಕಿ ಹತ್ತಿ, ಒಂದೊಂದೇ ಕಿವಿ ಹತ್ತಿರ ತಂದು ಅಲ್ಲಾಡಿಸೋರು. ನೀರು ಗುಳಕ್ ಅಂದರೆ ಇನ್ನೂ ಇಲ್ಲ. ಒಳಗೆ ಲೊಟಲೊಟ ಅಂತ ಉರುಳಿದರೆ ಕೊಬ್ಬರಿ ಆಗಿದೆ ಅಂತ. ನಾನು ಕೆಳಗೆ ಗೋಣಿ ಹಿಡಿದು ನಿಂತಿರ್ತಿದ್ದೆ."

ಆ ಮುಚ್ಚಿದ ಪಿಸ್ತಾವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಮಫ್ಲರ್ ಸರಿಸಿ, ಕಿವಿಗೆ ತಂದು ಅಲ್ಲಾಡಿಸಿದರು. ಎದುರಿಗೆ ಓಡುತ್ತಿದ್ದ ಹುಡುಗ ಒಂದು ಗಳಿಗೆ ನಿಂತು ನೋಡಿ ಮುಂದೆ ಹೋದ.

"ಏನನ್ನುತ್ತೆ?" ಕೇಳಿದರು ಕಮಲಮ್ಮ.

"ಇನ್ನೂ ಆಗಿಲ್ಲ," ಅಂದರು ಶಾಮಣ್ಣ, ಅದನ್ನು ಸ್ವೆಟರಿನ ಜೇಬಿಗೆ ಹಾಕಿಕೊಳ್ಳುತ್ತಾ. "ಅಟ್ಟದ ಮೇಲೆ ಇಡಬೇಕು."