ಪದಚರ್ಚೆ: ಹಿಂದಿ ಡಬ್ಬಿಂಗ್ ಪಿಕ್ಚರ್‌ನ ‘ಖತರ್ನಾಕ್’ಗೆ ಕನ್ನಡದಾಗ ಏನಂತ ಬರೀಬೇಕು?

ಕಲಬುರಗಿಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ್ರಿ. ಹಿಂದಿಗೆ ಡಬ್ ಆದ ವಿದೇಶಿ ಫೈಟಿಂಗ್ ಪಿಕ್ಚರ್‌ನಾಗ ಬಾಂಬೂ ‘ಖತರ್ನಾಕ್’, ಏಜೆಂಟನೂ ‘ಖತರ್ನಾಕ್’. ಅದೇ ಫೈಟ್ ನೋಡಿದ ನಮ್ಮ ಹುಡುಗರು ‘ಖತರ್ನಾಕ್ ಅದ’ ಅಂದ್ರ ಅದು ಮೆಚ್ಚುಗೆ. ಪೇಪರ್‌ನಾಗ ‘ಖತರ್ನಾಕ್ ಕಳ್ಳರು’ ಅಂದ್ರ ಚಾಲಾಕಿ ಕಳ್ಳರು. ಕನ್ನಡ ಡಬ್ಬಿಂಗ್‌ಗೆ ಮಾತು ಬರೆಯೋರು ಯಾವುದನ್ನ ಹಿಡೀಬೇಕು? ಹಿಂದಿ ಅಷ್ಟಾಗಿ ಓದದವರಿಗೂ ಈ ಪಿಕ್ಚರ್ ಸಲೀಸ ತಿಳಿಯೋದು ಹೆಂಗ ಅನ್ನೋದನ್ನೂ ತಿಳಿದವರು ಹೇಳ್ರಿ.

ಬೀದರ್‌ನಿಂದ ಉತ್ತರ:

ಎರಡನೇ ಪ್ರಶ್ನೆ ಮೊದಲು ತಗೋತೀನಿ.

ಥ್ರಿಲ್ಲರ್‌ನ ಮಾತೆಲ್ಲ ಪೊಲೀಸು, ಫೌಜು, ಜೈಲಿನ ಸುತ್ತಲೇ: ಖೂನ್, ಫರಾರ್, ಕೈದಿ, ಹುಕುಂ, ಬಂದೂಕ್, ಜಪ್ತ್. ಕನ್ನಡ ಫಾರ್ಸಿ–ಅರಬ್ಬಿಯಿಂದ ಧಾರಾಳವಾಗಿ ತಗೊಂಡದ್ದೂ ಇದೇ ಕಚೇರಿ ಮಾತುಗಳನ್ನು: ಖೂನಿ, ಫರಾರಿ, ಖೈದಿ, ಹುಕುಂ, ಬಂದೂಕು, ಜಪ್ತಿ. ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, ದಫ್ತರದ ಭಾಷೆ ಉರ್ದು. ಓಣಿಯಲ್ಲಿ ಇಂದಿಗೂ ದಖನಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದು, ಕಿವಿಗೆ ಬೀಳುತ್ತದೆ. ಪ್ರೇಮಕಥೆಯ ಡಬ್ಬಿಂಗ್ ಅಷ್ಟು ಸಲೀಸಲ್ಲ. ‘ಎಹಸಾಸ್’ (ಭಾವನೆ), ‘ಬೇವಫಾ’ (ಪ್ರೀತಿಯಲ್ಲಿ ದ್ರೋಹ ಮಾಡಿದವರು) ನಮ್ಮ ಕಚೇರಿ ಕಾಗದದಲ್ಲಿ ಬಂದ ಮಾತಲ್ಲ. ರೂಢಿಯೂ ಒಂದು ಕಾರಣ. ‘ಜುರಾಸಿಕ್ ಪಾರ್ಕ್’ 1994ರಲ್ಲೇ ಹಿಂದಿಯಲ್ಲಿ ಬಂತು. ಕನ್ನಡ ಡಬ್ಬಿಂಗ್‌ಗೆ ಚಿತ್ರರಂಗದವರು ಅಡ್ಡಿ ಮಾಡುವುದು ಸರಿಯಲ್ಲವೆಂದು ಭಾರತದ ಸ್ಪರ್ಧಾ ಆಯೋಗ (ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡುವ ಸರ್ಕಾರಿ ಸಂಸ್ಥೆ) ಹೇಳಿದ್ದು 2015ರಲ್ಲಿ. ಅಲ್ಲಿಯವರೆಗೆ ಜನ ತಮಗೆ ತಿಳಿಯುವ ಹಿಂದಿಯಲ್ಲೇ ನೋಡಿದರು. ಇದನ್ನು ಹಿಂದಿ ಮೋಹ ಅನ್ನುವುದು ಅನ್ಯಾಯ.

ಈಗ ‘ಖತರ್ನಾಕ್’. ಅರಬ್ಬಿಯ ‘ಖತರ್’ ಅಂದರೆ ಅಪಾಯ, ಫಾರ್ಸಿಯ ‘ನಾಕ್’ ಅಂದರೆ ತುಂಬಿದ್ದು. ‘ದರ್ದ್‌ನಾಕ್’, ‘ಶರ್ಮ್‌ನಾಕ್’ ಇದ್ದ ಹಾಗೆ. ಹಿಂದಿ ಡಬ್ಬಿಂಗ್‌ನವರಿಗೆ ಇದು ಒಗ್ಗಲು ತುಟಿಯೂ ಕಾರಣ: ಡಬ್ ಮಾಡಿದ ಮಾತು ತೆರೆಯ ಮೇಲಿನ ನಟನ ಬಾಯಿ ಆಡಿದಂತೆ ಕೂಡಬೇಕು. ‘ಡೇಂಜರಸ್’ಗೆ ಮೂರು ಉಚ್ಚಾರ, ಡೇಂ–ಜ–ರಸ್; ಇದಕ್ಕೂ ಮೂರು, ಖ–ತರ್–ನಾಕ್. ಎರಡರಲ್ಲೂ ಪ, ಬ, ಮ ಇಲ್ಲ, ಅಂದರೆ ತುಟಿ ಮುಚ್ಚುವುದಿಲ್ಲ. ಕನ್ನಡದಲ್ಲಿ ‘ಅಪಾಯಕಾರಿ’ ಇಟ್ಟರೆ ಉಚ್ಚಾರ ಐದು, ಎರಡನೆಯದರಲ್ಲೇ ತುಟಿ ಮುಚ್ಚಬೇಕು. ಕ್ಲೋಸಪ್‌ನಲ್ಲಿ ನಟನ ಬಾಯಿ ತೆರೆದೇ ಇರುತ್ತದೆ, ದನಿ ‘ಪಾ’ ಅನ್ನುತ್ತದೆ. ಆತನ ಬಾಯಿ ನಿಂತ ಮೇಲೂ ಮಾತು ಉಳಿಯುತ್ತದೆ. ‘ಭಯಂಕರ’ಕ್ಕೆ ಮೊದಲಕ್ಷರದಲ್ಲೇ ಇದೇ ತೊಂದರೆ. ಕ್ಲೋಸಪ್‌ಗೆ ‘ಡೇಂಜರ್’ ಸಾಕು, ಜನ ಆಡುವುದೂ ಅದನ್ನೇ. ‘ಘಾತಕ’ ತುಟಿಗೆ ಕೂಡುತ್ತದೆ, ಆದರೆ ಪುಸ್ತಕದ ವಾಸನೆ. ಮುಖ ಆ ಕಡೆ ತಿರುಗಿದ್ದರೆ, ಹೆಲ್ಮೆಟ್ ಹಾಕಿದ್ದರೆ, ಫೋನಿನಲ್ಲಿ ದನಿ ಮಾತ್ರ ಬಂದರೆ ‘ಅಪಾಯಕಾರಿ’ ಧಾರಾಳವಾಗಿ ಇಡಿ. ‘ಖತರ್ನಾಕ್’ ಅನ್ನೇ ಉಳಿಸುವುದು ನನಗೆ ಒಪ್ಪಿಗೆಯಿಲ್ಲ: ಬಾಂಬನ್ನು ಹೊಗಳಿದಂತೆ ಕೇಳುವವರು ನಮ್ಮಲ್ಲಿ ಬಹಳ.

ಯಾದಗಿರಿಯಿಂದ:

ಬೀದರಿನ ಸರ್ ಹೇಳಿದ್ದಕ್ಕೆ ಇನ್ನೆರಡು ಪದ ಸೇರಿಸ್ತೀನ್ರಿ. ‘ವೋ ಹೋಶಿಯಾರ್ ನಹೀಂ ಹೈ’ ಅನ್ನುವುದನ್ನು ಬೆಂಗಳೂರು ಕಡೆಯವರು ‘ಅವನಿಗೆ ಹುಷಾರಿಲ್ಲ’ ಎಂದು ಬರೆದರೆ ಶಾಣ್ಯಾ (ಜಾಣ) ಅಲ್ಲದ ಮನುಷ್ಯ ರೋಗಿ ಆಗ್ತಾನ. ನಮ್ಮಲ್ಲಿ ಜಡ್ಡಾದರೆ ‘ಆರಾಮಿಲ್ಲ’. ‘ಹುಷಾರ್ ಹುಡುಗ’ ಅಂದರೆ ಇನ್ನೂ ಜಾಣನೇ, ಹಿಂದಿಯಂತೆಯೇ.

ಪತ್ತೇದಾರಿಯಲ್ಲಿ ಇದಕ್ಕಿಂತ ಕೆಡುವುದು ‘ಅನುಮಾನ್’. ಹಿಂದಿಯಲ್ಲಿ ಅದು ಲೆಕ್ಕ, ಊಹೆ, ಕನ್ನಡದಲ್ಲಿ ಸಂಶಯ. ‘ಹಮಾರಾ ಅನುಮಾನ್ ಹೈ ಕಿ ವೋ ಯಹೀಂ ಹೈ’ ಎಂದು ಅಧಿಕಾರಿ ಹೇಳಿದಾಗ ಆತ ಯಾರ ಮೇಲೂ ಸಂಶಯಪಟ್ಟಿಲ್ಲ. ‘ಅವ ಇಲ್ಲೇ ಇರಬೇಕು, ನಮ್ಮ ಅಂದಾಜು’ ಎಂದು ಬರೆಯಿರಿ. ಮೂಲದಲ್ಲಿ ‘ಶಕ್’ ಇದ್ದಾಗ ಮಾತ್ರ ‘ಅನುಮಾನ’ ಇಡಿ.