ಸಹಾಯ ಬೇಕು: ಸ್ಪೇನ್ ರಾಜವಂಶದ ಚಾರ್ಟ್‌ನಲ್ಲಿ ಒಂದು ಗಂಟು

ಎಲ್ರಿಗೂ ನಮಸ್ಕಾರ, ಯುರೋಪ್ ಹಿಸ್ಟರಿ ಗೊತ್ತಿರೋರು ಸ್ವಲ್ಪ ಹೇಳಿ. ಸ್ಪೇನ್ ರಾಜ ಏಳನೇ ಫರ್ಡಿನಾಂಡ್‌ಗೆ ಗಂಡುಮಕ್ಕಳಿರ್ಲಿಲ್ಲ, 1830ರಲ್ಲಿ ಕಾನೂನು ಬದಲಾಯಿಸಿ ಮಗಳು ಇಸಬೆಲ್ಲಾಗೆ ಪಟ್ಟ ಸಿಗೋ ಹಾಗೆ ಮಾಡ್ದ, 1833ರಲ್ಲಿ ಅವ್ನು ಸತ್ತ ತಕ್ಷಣ ತಮ್ಮ ಕಾರ್ಲೋಸ್ ನಾನೇ ರಾಜ ಅಂತ ಎದ್ದು ಯುದ್ಧನೇ ಶುರುವಾಯ್ತು, ಇಲ್ಲಿವರೆಗೂ ಓಕೆ.

ಇಸಬೆಲ್ಲಾ ಮದ್ವೆ ಆಗಿದ್ದು ಇನ್ನೊಬ್ಬ ಚಿಕ್ಕಪ್ಪನ (ಕಾರ್ಲೋಸ್ ಅಲ್ಲ) ಮಗ ಫ್ರಾನ್ಸಿಸ್ಕೋನ (ಅವನಮ್ಮ ಇವಳಮ್ಮ ಅಕ್ಕತಂಗೀರು ಬೇರೆ, ನಮ್ಮಲ್ಲಾದ್ರೆ ಎರಡೂ ಕಡೆಯಿಂದ ಅಣ್ಣತಂಗಿ ವರಸೆ!). ಹಂಗಾದ್ರೆ 1936ರಲ್ಲಿ ಕಾರ್ಲೋಸ್ ವಂಶದ ಕೊನೆಯ ಗಂಡಸು ಅಲ್ಫೋನ್ಸೋ ಕಾರ್ಲೋಸ್ ಮಕ್ಕಳಿಲ್ದೆ ತೀರಿಕೊಂಡಾಗ, ಬರೀ ಗಂಡು ಸಂತತಿ ಲೆಕ್ಕ ಹಾಕಿದ್ರೂ ಹಕ್ಕು ಫ್ರಾನ್ಸಿಸ್ಕೋ ಮೊಮ್ಮಗ ಹದಿಮೂರನೇ ಅಲ್ಫೋನ್ಸೋಗೇ ಬರ್ಬೇಕಲ್ವಾ? ಆದ್ರೂ ತುಂಬಾ ಕಾರ್ಲಿಸ್ಟರು (ಕಾರ್ಲೋಸ್ ವಂಶಕ್ಕೇ ಪಟ್ಟ ಅಂತಿದ್ದವ್ರು) ಅದೇ ರಾಜವಂಶದ ದೂರದ ಕವಲು ಬೂರ್ಬೋನ್-ಪಾರ್ಮಾದ ಹಾವಿಯೇರ್ ಹಿಂದೆ ಹೋದ್ರು, ಯಾಕೆ? ರಾಜಕೀಯನಾ, ಇಲ್ಲ ಬೇರೆ ನಿಯಮ ಏನಾದ್ರೂ ಇತ್ತಾ? ಚಾರ್ಟ್‌ನಲ್ಲಿ ಗೆರೆ ಯಾವ ಕಡೆ ಎಳೀಲಿ ಹೇಳಿ ಪ್ಲೀಸ್.